ನೀಲಿ ಜೆರ್ಸಿ, ಬೆನ್ನ ಮೇಲೆ 11: ಎರಡೂವರೆ ವರ್ಷ ಹಾಕಿದ ಮೇಲೆ

ಜೆರ್ಸಿ ತಗೊಂಡ ವಾರದಲ್ಲೇ ಅದರ ಬಗ್ಗೆ ಬರೆದರೆ ಓದುವವರಿಗೆ ಏನೂ ಉಪಯೋಗ ಇಲ್ಲ. ಹೊಸದರಲ್ಲಿ ಎಲ್ಲ ಬಟ್ಟೆಯೂ ಚೆನ್ನಾಗೇ ಇರುತ್ತದೆ. ನಾನು ಇದನ್ನು ತಗೊಂಡಿದ್ದು 2023ರ ಜೂನ್ 20ಕ್ಕೆ. ಈಗ 2025ರ ನವೆಂಬರ್ ಮುಗಿಯುತ್ತಾ ಬಂತು. ನಡುವೆ ಎಷ್ಟು ಸಲ ಒಗೆದೆ ಅನ್ನುವ ಲೆಕ್ಕ ಇಟ್ಟಿಲ್ಲ, ಆದರೆ ಇದನ್ನು ಹಾಕಿಕೊಂಡು ಭಾರತ ಫುಟ್‌ಬಾಲ್ ತಂಡದ ಯಾವ ಯಾವ ಪಂದ್ಯ ನೋಡಿದೆ ಅನ್ನುವುದು ಒಂದೂ ಮರೆತಿಲ್ಲ. ಹಾಗಾಗಿ ಬಟ್ಟೆ, ಹೊಲಿಗೆ, ನಂಬರ್ ಬಗ್ಗೆ ಹೇಳುವಾಗ ಪಂದ್ಯಗಳೂ ಬರುತ್ತವೆ. ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಆಗಲಿಲ್ಲ.

ಇದು ತಂಡದ ಅಧಿಕೃತ ಜೆರ್ಸಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಎದೆ ಮೇಲೆ ಯಾವ ಲೋಗೋನೂ ಇಲ್ಲ. ಸಾದಾ ನೀಲಿ, ದುಂಡು ಕುತ್ತಿಗೆ, ತೋಳಿನ ಅಂಚಿಗೆ ಒಂದು ಬಿಳಿ ಪಟ್ಟಿ. ಹಲಸೂರಿನ ಗೌತಮಪುರದ ಹತ್ತಿರ ಒಂದು ಗಲ್ಲಿಯಲ್ಲಿ ಚಿಕ್ಕ ಅಂಗಡಿ, ಬೋರ್ಡೇ ಇಲ್ಲ, ಜೆರ್ಸಿ ಅಂಗಡಿ ಅಂದರೆ ಅಲ್ಲಿ ಯಾರಾದರೂ ತೋರಿಸುತ್ತಾರೆ. ಗೌತಮಪುರ ಗೊತ್ತಲ್ವಾ? ಪೆಲೆ ಪ್ರತಿಮೆ ಇರುವ ಬಡಾವಣೆ. ವಿಶ್ವಕಪ್ ಬಂದರೆ ಬೀದಿ ತುಂಬಾ ಬ್ರೆಜಿಲ್ ಬಾವುಟ ಕಟ್ಟುತ್ತಾರೆ. ಅಲ್ಲಿ ಹಳದಿ ಜೆರ್ಸಿ ಯಾವಾಗಲೂ ಸಿಗುತ್ತದೆ. ನೀಲಿಯದನ್ನು ಕೇಳಿದಾಗ ಅಂಗಡಿಯವರು ಮೇಲಿನ ಅಟ್ಟದಿಂದ ಒಂದು ಕಟ್ಟು ಇಳಿಸಿದರು. ಜೆರ್ಸಿಗೆ 380 ರೂಪಾಯಿ, ನಂಬರ್ ಅಂಟಿಸಲು 100. ಒಟ್ಟು 480. ಚೌಕಾಸಿ ಮಾಡಲಿಲ್ಲ, ಮಾಡುವ ಬೆಲೆಯೂ ಅಲ್ಲ.

"ಯಾವ ನಂಬರ್ ಸರ್?" ಅಂದರು. ಅವರ ಕೈ ಆಗಲೇ 1 ಇಟ್ಟಿದ್ದ ಡಬ್ಬಿಯಲ್ಲಿತ್ತು. ಬೆಂಗಳೂರಲ್ಲಿ ನೀಲಿ ಜೆರ್ಸಿ ಕೇಳುವವರು ಆಗಿನ ನಾಯಕ ಸುನಿಲ್ ಛೆಟ್ರಿಯ 11 ಬಿಟ್ಟು ಇನ್ನೇನು ಕೇಳುತ್ತಾರೆ? ಎರಡು ಒಂದು, ಪಕ್ಕಪಕ್ಕ. ಆ ಕ್ಷಣಕ್ಕೆ ಅದೊಂದು ಪ್ರಶ್ನೆ ಅಂತಲೇ ನನಗೆ ಅನ್ನಿಸಲಿಲ್ಲ. ಆಮೇಲೆ ಆ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ.

ಮಾರನೇ ದಿನ, ಜೂನ್ 21, ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಟೂರ್ನಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ-ಪಾಕಿಸ್ತಾನ ಪಂದ್ಯ. ಜೆರ್ಸಿಗೆ ಮೊದಲ ಪರೀಕ್ಷೆ ಅಂದರೆ ಅದೇ, ಯಾಕಂದರೆ ಮಳೆ ಹೊಯ್ಯಿತು. ನಾನು ಕೂತಿದ್ದ ಕಡೆ ಮೇಲೆ ಸೂರು ಇರಲಿಲ್ಲ. ಪೂರ್ತಿ ನೆನೆದೆ. ಬಟ್ಟೆ ಚುಕ್ಕೆ ಚುಕ್ಕೆ ತೂತಿರುವ ಪಾಲಿಯೆಸ್ಟರ್, ಅಂಗಡಿಯವರು ಡ್ರೈ ಫಿಟ್ ಅನ್ನುತ್ತಾರೆ. ಹತ್ತಿ ಅಂಗಿ ಆಗಿದ್ದರೆ ನೀರು ಹಿಡಿದುಕೊಂಡು ಭಾರವಾಗಿ ಮೈಗೆ ಅಂಟಿ ಕೂರುತ್ತಿತ್ತು. ಇದು ಹಾಗೆ ಮಾಡಲಿಲ್ಲ. ಹಿಂಡಿದರೆ ನೀರು ಇಳಿದು ಹೋಯಿತು, ಮನೆ ಸೇರುವಷ್ಟರಲ್ಲಿ ಮುಕ್ಕಾಲು ಒಣಗಿತ್ತು. ಬಣ್ಣ ಒಳಬನಿಯನ್ನಿಗೆ ಹತ್ತಲಿಲ್ಲ. 380 ರೂಪಾಯಿಗೆ ಇದು ದೊಡ್ಡ ಮಾತು.

ಪಂದ್ಯ ನೆನಪಿದೆಯಾ ನಿಮಗೆ? ವೀಸಾ ತಡವಾಗಿ ಪಾಕಿಸ್ತಾನದವರು ಪಂದ್ಯದ ದಿನವೇ ಬೆಂಗಳೂರಿಗೆ ಬಂದು ಇಳಿದಿದ್ದರು. ಹತ್ತನೇ ನಿಮಿಷಕ್ಕೆ ಅವರ ಗೋಲ್‌ಕೀಪರ್ ಚೆಂಡು ಒದೆಯಲು ಹೋಗಿ ಎಡವಟ್ಟು ಮಾಡಿಕೊಂಡ, ಛೆಟ್ರಿ ಅಲ್ಲೇ ಕಾದಿದ್ದವರ ಹಾಗೆ ಓಡಿ ಬಂದು ಒಳಗೆ ತಳ್ಳಿದರು. ಆಮೇಲೆ ಎರಡು ಪೆನಾಲ್ಟಿ, ಎರಡೂ ಅವರದೇ. ಕೊನೆಗೆ ಉದಾಂತ ಸಿಂಗ್ ಒಂದು. 4-0. ಮಧ್ಯೆ ನಮ್ಮ ಕೋಚ್ ಇಗೋರ್ ಸ್ಟಿಮಾಚ್ ಎದುರಾಳಿಯ ಕೈಯಿಂದ ಚೆಂಡು ತಟ್ಟಿ ಕೆಂಪು ಕಾರ್ಡ್ ತಗೊಂಡರು. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟಗಾರರು ದೂರ ಕಾಣುತ್ತಾರೆ. ಆದರೂ ಆ ರಾತ್ರಿ ಬೆನ್ನ ಮೇಲಿನ 11 ಎಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ಆರು ಜನರ ಬೆನ್ನ ಮೇಲೂ ಅದೇ ನಂಬರ್.

ಇಲ್ಲಿ ಒಂದು ತಪ್ಪು ಆಯಿತು. ಅದನ್ನು ಹೇಳಲೇಬೇಕು, ನೀವೂ ಮಾಡಬೇಡಿ. ಈ ನಂಬರ್‌ಗಳು ಬಟ್ಟೆಗೆ ಅಚ್ಚು ಹಾಕಿದ್ದಲ್ಲ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಯಂತ್ರದಲ್ಲಿ ನಂಬರ್ ಆಕಾರಕ್ಕೆ ಕತ್ತರಿಸಿ, ಬಿಸಿ ಪ್ರೆಸ್ ಅಡಿ ಇಟ್ಟು ಒತ್ತುತ್ತಾರೆ. ಹಿಂಬದಿಯ ಅಂಟು ಬಿಸಿಗೆ ಕರಗಿ ಬಟ್ಟೆಯ ಎಳೆಗೆ ಇಳಿಯುತ್ತದೆ. ಅದು ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು, ಅಷ್ಟು ಹೊತ್ತು ನೀರು ತಾಗಿಸಬಾರದು. ಅಂಗಡಿಯವರು ನನಗೆ ಇದನ್ನು ಹೇಳಲಿಲ್ಲ. ನಾನು ಸಂಜೆ ಅಂಟಿಸಿಕೊಂಡು ಮಾರನೇ ಸಂಜೆ ಮಳೆಯಲ್ಲಿ ಎರಡು ಗಂಟೆ ಕೂತೆ. ಎಡಗಡೆಯ 1ರ ಕೆಳತುದಿ ಆವತ್ತೇ ಸಡಿಲವಾಗಿರಬೇಕು, ಕಣ್ಣಿಗೆ ಬಿದ್ದಿದ್ದು ತಿಂಗಳುಗಟ್ಟಲೆ ಆದ ಮೇಲೆ.

ಅದೇ ಟೂರ್ನಿಯ ಫೈನಲ್, ಜುಲೈ 4, ಕುವೈತ್ ಮೇಲೆ. ಇದು ಹೊಲಿಗೆಗೆ ಪರೀಕ್ಷೆ. ಕುವೈತ್ 14ನೇ ನಿಮಿಷಕ್ಕೇ ಗೋಲು ಹೊಡೆಯಿತು. 39ಕ್ಕೆ ಲಾಲಿಯಾನ್‌ಜುವಾಲಾ ಛಾಂಗ್ಟೆ ಸಮ ಮಾಡಿದರು, ಛೆಟ್ರಿಯಿಂದ ಸಹಲ್, ಸಹಲ್‌ನಿಂದ ಛಾಂಗ್ಟೆ, ಎಷ್ಟು ಚೆಂದದ ಗೋಲು ಅದು! ಹೆಚ್ಚುವರಿ ಸಮಯ ಮುಗಿದರೂ 1-1. ಪೆನಾಲ್ಟಿ ಶೂಟೌಟ್. ಐದೈದು ಒದೆತ ಮುಗಿದಾಗಲೂ ಸಮ. ಆರನೆಯದನ್ನು ಮಹೇಶ್ ಸಿಂಗ್ ಹಾಕಿದರು, ಕುವೈತ್‌ನ ಆರನೆಯದನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದರು. ಆಮೇಲೆ ಯಾರು ಯಾರನ್ನು ಹಿಡಿದು ಎಳೆದರೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜ ಒಬ್ಬರು ನನ್ನ ಜೆರ್ಸಿಯ ಭುಜ ಹಿಡಿದು ಅಲ್ಲಾಡಿಸುತ್ತಾ ಅಳುತ್ತಿದ್ದರು. ಭುಜದ ಹೊಲಿಗೆ ಒಂದು ಎಳೆ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಎರಡು ಸಾಲು ಓವರ್‌ಲಾಕ್ ಹೊಲಿಗೆ ಇದೆ, ಕಂಕುಳಲ್ಲೂ ಇದೆ. ಜೆರ್ಸಿ ಆರಿಸುವಾಗ ಮೊದಲು ಒಳಗಡೆ ತಿರುಗಿಸಿ ಇದನ್ನು ನೋಡಿ.

ಆ ತಿಂಗಳು ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 99ಕ್ಕೆ ಬಂತು. ನೂರರ ಒಳಗೆ. ಅದನ್ನು ಪತ್ರಿಕೆಯಲ್ಲಿ ಓದಿದಾಗ ಆದ ಖುಷಿ ಈಗ ಬರೆಯುವಾಗಲೂ ಎದೆಯಲ್ಲಿ ಒಂದು ಥರ ಆಗುತ್ತದೆ.

ಈಗ ಒಗೆಯುವ ವಿಷಯ. ಜೆರ್ಸಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಬ್ರಷ್ ಹಾಕಬೇಡಿ, ಒಗೆಯುವ ಕಲ್ಲಿಗೆ ಬಡಿಯಲೇಬೇಡಿ. ವಾಷಿಂಗ್ ಮೆಷಿನ್ ಆದರೆ ಜೀನ್ಸ್ ಜೊತೆ ಹಾಕಬೇಡಿ, ಜೀನ್ಸಿನ ಜಿಪ್ ಪಾಲಿಯೆಸ್ಟರ್ ಎಳೆಯನ್ನು ಕಿತ್ತು ಹಾಕುತ್ತದೆ. ನೆರಳಲ್ಲಿ ಒಣಗಿಸಿ. ನಂಬರ್ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ, ಅಂಟು ಮತ್ತೆ ಕರಗುತ್ತದೆ. ಬೆವರಿನ ವಾಸನೆ ಪಾಲಿಯೆಸ್ಟರ್‌ನಲ್ಲಿ ಹತ್ತಿಗಿಂತ ಜಾಸ್ತಿ ನಿಲ್ಲುತ್ತದೆ ಅನ್ನುವುದು ನಿಜ, ಆಡಿ ಬಂದ ತಕ್ಷಣ ನೀರಲ್ಲಿ ಅದ್ದಿ ಇಟ್ಟರೆ ಹೋಗುತ್ತದೆ. ಇಷ್ಟು ಮಾಡಿದರೆ ಬಟ್ಟೆ ವರ್ಷಗಟ್ಟಲೆ ಬರುತ್ತದೆ. ನನ್ನದರ ನೀಲಿ ಭುಜದ ಮೇಲೆ ಸ್ವಲ್ಪ ಮಾಸಿದೆ, ಅಷ್ಟೇ.

ಆದರೆ ನಂಬರ್ ಬರಲಿಲ್ಲ. ತೊಂದರೆ ಎಲ್ಲ ಅಲ್ಲೇ.

2023ರ ನವೆಂಬರ್ 16ಕ್ಕೆ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕುವೈತ್ ನೆಲದಲ್ಲೇ ಕುವೈತ್ ವಿರುದ್ಧ 1-0 ಗೆದ್ದೆವು. ಮನ್‌ವೀರ್ ಸಿಂಗ್ ಗೋಲು. ಆ ರಾತ್ರಿ ಜೆರ್ಸಿ ಹಾಕಿಕೊಂಡೇ ಮಲಗಿದ್ದೆ. ಅದಾದ ಮೇಲೆ ಭಾರತ ಮುಂದಿನ ಗೆಲುವು ಕಾಣಲು ಹದಿನಾರು ತಿಂಗಳು ಬೇಕಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್: ಆಸ್ಟ್ರೇಲಿಯಾಕ್ಕೆ 0-2, ಉಜ್ಬೇಕಿಸ್ತಾನಕ್ಕೆ 0-3, ಸಿರಿಯಾಕ್ಕೆ 0-1. ಮೂರು ಪಂದ್ಯ, ಒಂದೂ ಗೋಲಿಲ್ಲ. ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಜೊತೆ 0-0. ಐದು ದಿನ ಬಿಟ್ಟು ಗುವಾಹಟಿಯಲ್ಲಿ ಅದೇ ಅಫ್ಘಾನಿಸ್ತಾನಕ್ಕೆ 1-2. ಅದು ಛೆಟ್ರಿಯ 150ನೇ ಪಂದ್ಯ, ಭಾರತದ ಆ ಒಂದು ಗೋಲೂ ಅವರದೇ ಪೆನಾಲ್ಟಿ. ಆ ಪಂದ್ಯ ನೋಡಿ ಎದ್ದು ಜೆರ್ಸಿ ತೆಗೆಯುವಾಗಲೇ ಬೆರಳಿಗೆ ಸಿಕ್ಕಿದ್ದು, 1ರ ಕೆಳತುದಿ ಎದ್ದಿತ್ತು. ಉಗುರಿನಷ್ಟು.

ಆಮೇಲೆ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್. ಛೆಟ್ರಿಯ ವಿದಾಯ ಪಂದ್ಯ, ಮತ್ತೆ ಕುವೈತ್. ಗೆದ್ದಿದ್ದರೆ ಮೊದಲ ಸಲ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಹೆಚ್ಚು ಕಡಿಮೆ ಹೋದ ಹಾಗೇ. 0-0. ಇಡೀ ಕ್ರೀಡಾಂಗಣ ಒಬ್ಬರಿಗಾಗಿ ಕೂಗುತ್ತಿತ್ತು, ಆ ಒಬ್ಬರಿಗೆ ಆಗ ಮೂವತ್ತೊಂಬತ್ತು ವರ್ಷ. 151 ಪಂದ್ಯ, 94 ಗೋಲು. ಪಂದ್ಯ ಮುಗಿದು ಅವರು ಕೈ ಮುಗಿದುಕೊಂಡು ಮೈದಾನ ಸುತ್ತಿದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಐದು ದಿನಕ್ಕೆ ದೋಹಾದಲ್ಲಿ ಕತಾರ್ ಎದುರು ಛಾಂಗ್ಟೆ ಗೋಲಿನಿಂದ ನಾವೇ ಮುಂದಿದ್ದೆವು. 73ನೇ ನಿಮಿಷಕ್ಕೆ ಕತಾರ್‌ನವರು ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ತಂದು ಗೋಲು ಹೊಡೆದರು, ರೆಫರಿ ಕೊಟ್ಟುಬಿಟ್ಟರು. 85ಕ್ಕೆ ಇನ್ನೊಂದು. 1-2. ಅಲ್ಲಿಗೆ ವಿಶ್ವಕಪ್ ಆಸೆ ಮುಗಿಯಿತು. ಅನ್ಯಾಯ ಆಗಿದ್ದು ನಿಜ. ಆದರೆ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಮೇಲೆ ಗೆದ್ದಿದ್ದರೂ ನಾವು ಆ ರೆಫರಿಯ ಸೀಟಿಗೆ ಕಾಯಬೇಕಿರಲಿಲ್ಲ, ಅದೂ ನಿಜ.

2024ರಲ್ಲಿ ಭಾರತ ಹನ್ನೊಂದು ಪಂದ್ಯ ಆಡಿತು. ಗೆಲುವು ಸೊನ್ನೆ. ಐದು ಡ್ರಾ, ಆರು ಸೋಲು. ಗೋಲು ನಾಲ್ಕು, ಇಡೀ ವರ್ಷಕ್ಕೆ! ಅದರಲ್ಲಿ ಒಂದು ಛೆಟ್ರಿಯ ಪೆನಾಲ್ಟಿ, ಇನ್ನೊಂದು ಡಿಫೆಂಡರ್ ರಾಹುಲ್ ಭೆಕೆಯದು. ಸ್ಟಿಮಾಚ್ ಹೋದರು, ಮನೋಲೊ ಮಾರ್ಕೆಜ್ ಬಂದರು, ಹೈದರಾಬಾದ್‌ನಲ್ಲಿ ಮಾರಿಷಸ್ ಜೊತೆ 0-0 ಆಯಿತು.

ಆ ಮಳೆಗಾಲದಲ್ಲೇ ಜೆರ್ಸಿಯನ್ನು ವಾಪಸ್ ಅಂಗಡಿಗೆ ತಗೊಂಡು ಹೋದೆ. ಸೇವೆ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತು ಇದು: ಬಿಲ್ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. ಒಂದು ಹಾಳೆ ಬೆಣ್ಣೆ ಕಾಗದ ಇಟ್ಟು ಮತ್ತೆ ಪ್ರೆಸ್ ಮಾಡಿದರು. ಈ ಸಲ ಬಾಯಿ ಬಿಟ್ಟು ಹೇಳಿದರು, "ಇಪ್ಪತ್ನಾಲ್ಕು ಗಂಟೆ ನೀರು ಹಾಕಬೇಡಿ ಸರ್." ಮೊದಲೇ ಹೇಳಬಹುದಿತ್ತಲ್ಲ ಅಂದೆ. ಹೌದು ಸರ್, ಆ ವಾರ ರಶ್ ಇತ್ತು, ಬಾಯಿಗೆ ಬರಲಿಲ್ಲ ಅಂದರು. ಆ ವಾರ ಎಷ್ಟು ನೀಲಿ ಹೋಯಿತು ಅಂತ ಕೇಳಿದೆ. ಇದ್ದಿದ್ದೆಲ್ಲ ಹೋಯಿತಂತೆ. ಈಗ? ತಿಂಗಳಿಗೆ ಒಂದೋ ಎರಡೋ. "ಛೆಟ್ರಿ ಬಿಟ್ಟ ಮೇಲೆ ಯಾವ ನಂಬರ್ ಹಾಕಬೇಕು ಅಂತ ಬಂದವರಿಗೇ ಗೊತ್ತಾಗಲ್ಲ ಸರ್, ನಂಬರ್ ಇಲ್ಲದೆ ಸಾದಾ ತಗೊಂಡು ಹೋಗ್ತಾರೆ" ಅಂದರು.

ನಾನು ಈ ತಂಡದ ಬಗ್ಗೆ ಓದಿದ ದೊಡ್ಡ ದೊಡ್ಡ ಲೇಖನಗಳಿಗಿಂತ ಆ ಮಾತು ನನಗೆ ಹೆಚ್ಚು ತಿಳಿಸಿತು. ನಮ್ಮ ಲೀಗ್‌ನಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಜಾಗವನ್ನು ಬಹುಪಾಲು ಕ್ಲಬ್‌ಗಳು ವಿದೇಶಿ ಆಟಗಾರರಿಗೆ ಕೊಡುತ್ತವೆ. ನಮ್ಮ ಹುಡುಗರು ಪಕ್ಕದಲ್ಲಿ ಓಡುತ್ತಾರೆ, ಹಿಂದೆ ತಡೆಯುತ್ತಾರೆ. ದೇಶಕ್ಕೆ ಆಡಲು ಬಂದಾಗ ಗೋಲಿನ ಮುಂದೆ ಚೆಂಡು ಕಾಲಿಗೆ ಬಂದರೆ ಒಂದು ಕ್ಷಣ ಜಾಸ್ತಿ ತಗೊಳ್ಳುತ್ತಾರೆ. ಆ ಒಂದು ಕ್ಷಣದಲ್ಲಿ ಎದುರಾಳಿ ಬಂದುಬಿಡುತ್ತಾನೆ. ಇದು ಅವರ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ವಾರ ವಾರ ಆ ಜಾಗದಲ್ಲಿ ನಿಲ್ಲಿಸದೆ, ವರ್ಷಕ್ಕೆ ಹತ್ತು ದಿನ ನಿಲ್ಲಿಸಿ ಹೊಡಿ ಅಂದರೆ ಹೇಗೆ ಹೊಡೆಯುತ್ತಾರೆ?

ಬೆಂಗಳೂರಿಗೆ ಇದು ಇನ್ನೂ ಹೆಚ್ಚು ನೋಯಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು. ಆ ತಂಡದಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದ್ದರು. ಅದೇ ತಂಡದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ತೀರಾ ಹಳೇ ಕಥೆಯೂ ಬೇಡ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷ ಆದ ಮೇಲೆ. ಆ ಹುಡುಗರಲ್ಲಿ ಯಾರ ನಂಬರನ್ನಾದರೂ ಅಂಗಡಿಯಲ್ಲಿ ಕೇಳಿದವರಿದ್ದಾರಾ?

2025ರ ಮಾರ್ಚ್‌ನಲ್ಲಿ ಛೆಟ್ರಿ ನಿವೃತ್ತಿಯಿಂದ ವಾಪಸ್ ಬಂದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ 3-0. ಭೆಕೆ, ಲಿಸ್ಟನ್ ಕೊಲಾಸೊ, ಛೆಟ್ರಿ. ಹದಿನಾರು ತಿಂಗಳ ನಂತರದ ಗೆಲುವು, ಅವರ 95ನೇ ಗೋಲು. ನಾನು ಕುಣಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕುಣಿಯುತ್ತಲೇ ಒಳಗೆ ಚುಚ್ಚಿತು. ನಲವತ್ತಾಗುತ್ತಾ ಬಂದವರನ್ನು ಮನೆಯಿಂದ ಕರೆದುಕೊಂಡು ಬಂದು ಗೆದ್ದೆವು ಅಲ್ವಾ? ಆರು ದಿನ ಬಿಟ್ಟು ಅಲ್ಲೇ 2027ರ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಬಾಂಗ್ಲಾದೇಶದ ಜೊತೆ 0-0. ಜೂನ್‌ನಲ್ಲಿ ಥಾಯ್ಲೆಂಡ್‌ಗೆ 0-2. ಜೂನ್ 10ಕ್ಕೆ ಹಾಂಕಾಂಗ್‌ನಲ್ಲಿ ಕೊನೆ ಗಳಿಗೆಯ ಪೆನಾಲ್ಟಿಗೆ 0-1. ಆ ಪಂದ್ಯದ ಮಾರನೇ ದಿನ ಒಗೆದು ಹಿಂಡುವಾಗ ಎಡಗಡೆಯ 1 ಅರ್ಧಕ್ಕೆ ಸೀಳಿತು. ಪ್ಲಾಸ್ಟಿಕ್ ಹಾಳೆಗೆ ಎರಡು ವರ್ಷ ಅಂದರೆ ಅದರ ಆಯಸ್ಸು ಮುಗಿದ ಹಾಗೇ, ಬಿರುಕು ಬಿಟ್ಟು ಸೀಳುತ್ತದೆ. ನಂಬರ್ ಅಂಶಕ್ಕೆ ನಾನು ಐದರಲ್ಲಿ ಎರಡು ಕೊಡುತ್ತೇನೆ. ಬಾಳಿಕೆ ಬೇಕು ಅಂದರೆ ಬಿಳಿ ಬಟ್ಟೆ ಮೇಲೆ ನೀಲಿ ಬಣ್ಣವನ್ನೂ ನಂಬರನ್ನೂ ಒಟ್ಟಿಗೆ ಬಿಸಿಯಲ್ಲಿ ಇಳಿಸಿ ಆಮೇಲೆ ಹೊಲಿಯುವ ಸಬ್ಲಿಮೇಷನ್ ಜೆರ್ಸಿ ಮಾಡಿಸಬೇಕು. ಅದರಲ್ಲಿ ಬಣ್ಣ ಎಳೆಯೊಳಗೇ ಇರುತ್ತದೆ, ಸುಲಿಯಲು ಏನೂ ಇರುವುದಿಲ್ಲ. ತೊಂದರೆ ಏನೆಂದರೆ ಒಂದೇ ಒಂದು ಜೆರ್ಸಿಗೆ ಯಾರೂ ಮಾಡಿಕೊಡುವುದಿಲ್ಲ, ಹತ್ತು ಹನ್ನೆರಡಾದರೂ ಬೇಕು ಅನ್ನುತ್ತಾರೆ.

ನಡುವೆ ಒಂದು ಒಳ್ಳೆಯ ವಾರವೂ ಇತ್ತು. ಖಾಲಿದ್ ಜಮೀಲ್ ಕೋಚ್ ಆದ ಮೇಲೆ ಕಾಫಾ ನೇಷನ್ಸ್ ಕಪ್ ಟೂರ್ನಿಯಲ್ಲಿ ಆಗಸ್ಟ್ 29ಕ್ಕೆ ತಜಕಿಸ್ತಾನದಲ್ಲಿ ತಜಕಿಸ್ತಾನವನ್ನು 2-1ರಿಂದ ಸೋಲಿಸಿದೆವು. ಅನ್ವರ್ ಅಲಿ, ಸಂದೇಶ್ ಝಿಂಗನ್, ಇಬ್ಬರೂ ಡಿಫೆಂಡರ್‌ಗಳು. ಗುರ್‌ಪ್ರೀತ್ ಒಂದು ಪೆನಾಲ್ಟಿ ತಡೆದರು. ಇರಾನ್ 3-0ಯಿಂದ ನಮ್ಮನ್ನು ಸೋಲಿಸಿತು, ಆದರೆ ಮೂರನೇ ಸ್ಥಾನದ ಪಂದ್ಯದಲ್ಲಿ ಉದಾಂತ 80ನೇ ನಿಮಿಷಕ್ಕೆ ಒಮಾನ್ ಜೊತೆ ಸಮ ಮಾಡಿ, ಶೂಟೌಟ್‌ನಲ್ಲಿ 3-2 ಗೆದ್ದೆವು. ಸೀಳಿದ 1 ಇಟ್ಟುಕೊಂಡೇ ಆ ಪಂದ್ಯ ನೋಡಿದೆ.

ಅಕ್ಟೋಬರ್‌ನಲ್ಲಿ ಸಿಂಗಪುರ. ಅಲ್ಲಿ ಹತ್ತು ಜನರಾಗಿ ಉಳಿದರೂ ರಹೀಮ್ ಅಲಿ 90ನೇ ನಿಮಿಷಕ್ಕೆ ಹೊಡೆದು 1-1. ಎಷ್ಟು ಆಸೆ ಬಂತು! ಅಕ್ಟೋಬರ್ 14ಕ್ಕೆ ಗೋವಾದ ಫಟೋರ್ಡಾದಲ್ಲಿ ಛಾಂಗ್ಟೆ 14ನೇ ನಿಮಿಷಕ್ಕೇ ದೂರದಿಂದ ಅದ್ಭುತವಾಗಿ ಹೊಡೆದರು. ಇನ್ನು ನಮ್ಮದೇ ಅಂದುಕೊಂಡೆ. ಸಿಂಗಪುರದ ಸಾಂಗ್ ಉಯಿ-ಯಂಗ್ ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಒಂದು, ಆಮೇಲೆ ಇನ್ನೊಂದು ಹಾಕಿದರು. 1-2. 2027ರ ಏಷ್ಯನ್ ಕಪ್ ಕೈ ತಪ್ಪಿತು. ಸ್ವಂತ ನೆಲದಲ್ಲಿ, ಮುಂದೆ ಇದ್ದುಕೊಂಡು.

2025ರ ನವೆಂಬರ್ 18ಕ್ಕೆ ಢಾಕಾ. ಬಾಂಗ್ಲಾದೇಶ ಭಾರತವನ್ನು ಸೋಲಿಸಿ 22 ವರ್ಷ ಆಗಿತ್ತು. ಶೇಖ್ ಮೊರ್ಸಾಲಿನ್ ಶುರುವಿನಲ್ಲೇ ಗುರ್‌ಪ್ರೀತ್ ಕಾಲ ನಡುವೆ ಚೆಂಡು ಕಳಿಸಿದರು. ಛಾಂಗ್ಟೆಯ ಒಂದು ಹೊಡೆತ ಗೋಲು ಅಂತ ನಾನು ಎದ್ದೇ ನಿಂತಿದ್ದೆ, ಹಮ್ಜಾ ಚೌಧರಿ ಗೆರೆ ಮೇಲಿಂದ ತಲೆ ಕೊಟ್ಟು ತೆಗೆದರು. 0-1. ಐದು ಅರ್ಹತಾ ಪಂದ್ಯದಿಂದ ಎರಡು ಅಂಕ. ರ‍್ಯಾಂಕಿಂಗ್ ಆಗ 142. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರರಾಗಿದ್ದರೂ ಕಾಗದಪತ್ರ ಬಾರದೆ ಆಡಲು ಆಗಲಿಲ್ಲ. ಇತ್ತ ಐಎಸ್‌ಎಲ್ ಅನ್ನುವ ನಮ್ಮ ಲೀಗ್ ಆಗಿನ್ನೂ ಶುರುವೇ ಆಗಿರಲಿಲ್ಲ, ನಡೆಸಲು ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಆಡಲು ಲೀಗೇ ಇಲ್ಲದ ಆಟಗಾರರಿಂದ ಢಾಕಾದಲ್ಲಿ ಏನು ಕೇಳುವುದು? ನನಗೆ ಸಿಟ್ಟು ಇರುವುದು ಮೈದಾನದಲ್ಲಿ ಓಡಿದವರ ಮೇಲೆ ಅಲ್ಲ. ಕ್ಯಾಲೆಂಡರ್ ಹಾಕಲಾಗದವರ ಮೇಲೆ.

ಇನ್ನು ಅಳತೆ ವಿಷಯ ಬಾಕಿ ಇದೆ. ಅದಕ್ಕೆ 2025ರ ಜುಲೈಗೆ ಹಿಂದೆ ಹೋಗಬೇಕು.

ಜುಲೈ 5, ಚಿಯಾಂಗ್ ಮಾಯ್. ನಮ್ಮ ಮಹಿಳಾ ತಂಡ ಥಾಯ್ಲೆಂಡ್ ಎದುರು, ಅವರದೇ ನೆಲದಲ್ಲಿ. ಅದಕ್ಕೂ ಮುಂಚೆ ಮಂಗೋಲಿಯಾ ಮೇಲೆ 13-0, ಟಿಮೋರ್ ಲೆಸ್ಟೆ ಮೇಲೆ 4-0, ಇರಾಕ್ ಮೇಲೆ 5-0. ಆದರೂ ಥಾಯ್ಲೆಂಡ್ ಅಂದರೆ ವಿಶ್ವಕಪ್ ಆಡಿ ಬಂದ ತಂಡ, ರ‍್ಯಾಂಕಿಂಗ್‌ನಲ್ಲಿ ನಮಗಿಂತ ಮೇಲೆ. ಸಂಗೀತಾ ಬಾಸ್‌ಫೋರ್ ಎರಡು ಗೋಲು ಹೊಡೆದರು. 2-1. ಅರ್ಹತಾ ಸುತ್ತು ಆಡಿ ಗೆದ್ದು ಭಾರತದ ಮಹಿಳೆಯರು ಏಷ್ಯನ್ ಕಪ್‌ಗೆ ಜಾಗ ಪಡೆದದ್ದು ಅದೇ ಮೊದಲು. ನಾಲ್ಕು ಪಂದ್ಯಕ್ಕೆ 24 ಗೋಲು! ಗಂಡಸರ ತಂಡ ಇಡೀ 2024ರಲ್ಲಿ ಹೊಡೆದದ್ದು ನಾಲ್ಕು ಅಂತ ಮೇಲೆ ಬರೆದೆನಲ್ಲ. ಸಂಗೀತಾ ಮಧ್ಯದಲ್ಲಿ ಆಡುವವರು. ಆ ತಂಡದಲ್ಲಿ ಒಬ್ಬರಿಗಾಗಿ ಕಾದು ಕೂರುವ ಅಭ್ಯಾಸವೇ ಕಾಣಲಿಲ್ಲ, ಯಾರ ಕಾಲಿಗೆ ಬಂದರೂ ಒದೆಯುತ್ತಿದ್ದರು.

ಆ ಪಂದ್ಯವನ್ನು ನನ್ನ ಜೊತೆ ನೋಡಿದ್ದು ಅಕ್ಕನ ಮಗಳು. ಹನ್ನೆರಡು ವರ್ಷ, ಶಾಲೆ ತಂಡದಲ್ಲಿ ಆಡುತ್ತಾಳೆ. ಸಂಗೀತಾ ಎರಡನೇ ಗೋಲು ಹೊಡೆದಾಗ ಸೋಫಾದಿಂದ ಹಾರಿದವಳು ಕೆಳಗೆ ಇಳಿಯಲೇ ಇಲ್ಲವೇನೋ ಅನ್ನಿಸಿತು. "ಮಾಮ, ನಂಗೂ ನೀಲಿ ಜೆರ್ಸಿ ಕೊಡ್ಸು" ಅಂದಳು. ಮುಂದಿನ ವಾರ ಅದೇ ಅಂಗಡಿಗೆ ಹೋದೆವು.

ಅಳತೆಯಲ್ಲಿ ಅಂಗಡಿ ಪೂರ್ತಿ ಸೋತಿತು. ದೊಡ್ಡವರಿಗೆ 36ರಿಂದ 44ರವರೆಗೆ ಎಲ್ಲ ಇದೆ. ನಾನು ಮಾಮೂಲಿ ಅಂಗಿ 40 ಹಾಕುತ್ತೇನೆ, ಜೆರ್ಸಿ 42 ತಗೊಂಡೆ, ಸರಿ ಹೋಯಿತು. ನೀವೂ ಒಂದು ಅಳತೆ ದೊಡ್ಡದು ತಗೊಳ್ಳಿ, ಈ ಬಟ್ಟೆ ಹೊಟ್ಟೆ ಹತ್ತಿರ ಬಿಗಿ. ಮಕ್ಕಳಿಗೆ ಹಳದಿ ಇದೆ, ಆಕಾಶ ನೀಲಿ-ಬಿಳಿ ಪಟ್ಟಿ ಇದೆ. ಭಾರತದ ನೀಲಿ ಮಕ್ಕಳ ಅಳತೆಯಲ್ಲಿ ಇಲ್ಲವೇ ಇಲ್ಲ. ಹುಡುಗಿಯರ ಕಟಿಂಗ್ ಅಂತೂ ಯಾವ ಬಣ್ಣದಲ್ಲೂ ಇಲ್ಲ. ಯಾಕೆ ಇಟ್ಟಿಲ್ಲ ಅಂದರೆ ಕೇಳುವವರಿಲ್ಲ ಅಂದರು. ನಾವು ಕೇಳುತ್ತಿದ್ದೇವಲ್ಲ ಅಂತ ಅವಳೇ ಹೇಳಿದಳು. ಅಂಗಡಿಯವರು ಒಂದು ಕ್ಷಣ ಸುಮ್ಮನಾದರು. ಆಮೇಲೆ 36ರದ್ದನ್ನು ಇಳಿಸಿ, ಅವಳ ಭುಜ, ಎದೆ, ಉದ್ದ ಟೇಪಿನಲ್ಲಿ ಅಳೆದು, ಪಕ್ಕದ ಟೈಲರ್ ಹತ್ತಿರ ಎರಡೂ ಬದಿ ಬಿಚ್ಚಿಸಿ ಹೊಲಿಸಿ ಕೊಡುತ್ತೇನೆ, ಶನಿವಾರ ಬನ್ನಿ ಅಂದರು. ಹೊಲಿಗೆಗೆ 60 ರೂಪಾಯಿ ಜಾಸ್ತಿ. ಕೆಲಸ ಅಚ್ಚುಕಟ್ಟಾಗಿ ಮಾಡಿಸಿದ್ದರು, ಕಂಕುಳ ಹತ್ತಿರ ಸ್ವಲ್ಪವೂ ಸುಕ್ಕಿಲ್ಲ. ಇದಕ್ಕೆ ಐದಕ್ಕೆ ಐದು ಕೊಡಬಹುದು, ಆದರೆ ಅಳತೆ ಇಟ್ಟಿಲ್ಲದ್ದಕ್ಕೆ ಒಂದು ಕಳೆಯುತ್ತೇನೆ. ಸೀಳಿದ 1 ಬದಲಾಯಿಸಿ ಕೊಡುತ್ತೇನೆ ಅಂತ ನನಗೂ ಹೇಳಿದರು. ಇರಲಿ ಅಂದೆ.

"ಯಾವ ನಂಬರ್ ಪುಟ್ಟಿ?" ಅಂತ ಕೇಳುವಾಗ ಅವರ ಕೈ ಮತ್ತೆ 1ರ ಡಬ್ಬಿ ಹತ್ತಿರ ಹೋಗಿತ್ತು. ಅವಳು "ಎಂಟು ಅಂಕಲ್" ಅಂದಳು. ಶಾಲೆಯಲ್ಲಿ ಅವಳದ್ದು ಆ ನಂಬರ್. 8ರ ಡಬ್ಬಿ ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಂಟಿಸಿ ಕೊಟ್ಟ ಶನಿವಾರದಿಂದ ಭಾನುವಾರ ಸಂಜೆವರೆಗೆ ಅದನ್ನು ಬೀರುವಿನಲ್ಲಿ ಮಡಿಸದೆ ನೇತುಹಾಕಿ ಇಟ್ಟೆವು, ನೀರು ತಾಗಿಸಲಿಲ್ಲ. ನಾಲ್ಕು ತಿಂಗಳಾಯಿತು. ವಾರಕ್ಕೆ ಎರಡು ಸಲ ಮಣ್ಣಲ್ಲಿ ಆಡುತ್ತಾಳೆ, ಎರಡು ಸಲ ಒಗೆಯುತ್ತೇವೆ. 8ರ ಒಂದು ಅಂಚೂ ಎದ್ದಿಲ್ಲ.